ಹಗ್ಗದವನ ಮಂಚ

"ಬುದ್ಧಿ, ಒಂದು ತಿಂಗಳು ಒಬ್ಬನೇ ಹೊರದೇಶ ಸುತ್ತಿ ಬರುವುದಕ್ಕೆ ಮನುಷ್ಯನಿಗೆ ಕಡಿಮೆಯೆಂದರೆ ಎಷ್ಟು ಬೇಕು?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ಪಾಠಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಚರಿತ್ರೆ ಕಲಿಸುತ್ತಿದ್ದ. ಕೇಳುವಾಗಲೇ ಉತ್ತರ ಅವನ ಜೇಬಿನಲ್ಲಿತ್ತು, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಎದುರಿಗಿದ್ದ ಮಠದ ಗುರುಗಳು ಅದನ್ನು ನೋಡಿ ಭಲೆ ಎನ್ನಲಿ ಎಂಬ ಆಸೆಯಿಂದಲೇ ಪ್ರಶ್ನೆಯನ್ನು ಹಾಗೆ ಜೋಡಿಸಿದ್ದ.

ಗುರುಗಳಿಗೆ ಅದು ತಿಳಿಯಿತೆಂದು ಕಾಣುತ್ತದೆ. ಸುಮ್ಮನೆ ಕೈ ಚಾಚಿದರು. ಅವನು ಹಾಳೆಯನ್ನು ಬಿಚ್ಚಿ ಕೊಟ್ಟ.

ಅದು ಆರನೆಯ ಪ್ರತಿ. ತಿದ್ದಿ ಬರೆದಾಗಲೆಲ್ಲ ಮೊತ್ತ ಒಂದಿಷ್ಟು ಇಳಿದಿತ್ತು. ಜನ ಹೋಗದ ತಿಂಗಳಲ್ಲಿ ವಿಮಾನದ ಟಿಕೆಟ್ಟು ಅಗ್ಗ, ಆದ್ದರಿಂದ ಆ ತಿಂಗಳು. ರಾತ್ರಿ ಬಸ್ಸು ಹತ್ತಿದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಆದ್ದರಿಂದ ದೂರದ ಊರಿಗೆಲ್ಲ ರಾತ್ರಿ ಬಸ್ಸು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇಲ್ಲಿಂದಲೇ. ಜೊತೆಗಾರ ಬೇಡ. ಜೊತೆಗಾರನಿದ್ದರೆ ಅವನಿಗೆ ಎರಡು ಹೊತ್ತು ಕಾಫಿ ಬೇಕಾಗುತ್ತದೆ, ಅವನು ಕುಡಿಯುವಾಗ ನಾವು ಬಾಯಿ ನೋಡುತ್ತ ಕೂರುವುದಕ್ಕಾಗುವುದಿಲ್ಲ.

ನಮ್ಮ ಕಡೆಯ ಹಡಗುಗಳು ಹಿಂದೆ ಹೋಗಿ ನಿಲ್ಲುತ್ತಿದ್ದ ಬಂದರುಗಳ ಹೆಸರನ್ನು ಅವನು ಹದಿನೆಂಟು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದ. ಒಮ್ಮೆ ಅವನ್ನು ಕಣ್ಣಾರೆ ನೋಡಬೇಕು. ಸಂಬಳದಲ್ಲಿ ಮಿಗಿಸಿದ್ದು ಇಷ್ಟೇ. ಇಷ್ಟರಲ್ಲಿ ಆದರೆ ಆಯಿತು, ಇಲ್ಲವಾದರೆ ಈ ಜನ್ಮದಲ್ಲಿ ಇಲ್ಲ. ಈಗ ಆರನೆಯ ಪ್ರತಿಯಲ್ಲಿ ಅದು ಆಗುವಂತೆ ಕಾಣುತ್ತಿತ್ತು.

ಗುರುಗಳು ಒಂದೊಂದೇ ಸಾಲಿನ ಮೇಲೆ ಬೆರಳು ಇಳಿಸುತ್ತ ಓದಿದರು. ಒಂದು ಕಡೆ ಬೆರಳು ನಿಂತಿತು.

'ವಸತಿ: ತಿಪ್ಪೇಶನ ಕೋಣೆ, ಇಪ್ಪತ್ತೆರಡು ದಿನ. ಖರ್ಚು: ಸೊನ್ನೆ.'

"ಯಾವ ತಿಪ್ಪೇಶ? ನಮ್ಮ ದಾಸೋಹದಲ್ಲಿ ಅನ್ನ ಬಸಿಯುತ್ತಿದ್ದವನೇ?"

"ಅವನೇ ಬುದ್ಧಿ. ಏಳನೆಯ ತರಗತಿಯವರೆಗೆ ನನ್ನ ಹತ್ತಿರವೇ ಓದಿದ. ಈಗ ಕೌಲಾಲಂಪುರದಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಫೋನು ಮಾಡಿದ್ದೆ. 'ಬನ್ನಿ ಮೇಷ್ಟ್ರೇ, ಜಾಗಕ್ಕೇನು ಬರ ಇಲ್ಲ, ಮಂಚ ಹೆಂಗೂ ಖಾಲಿ ಬಿದ್ದಿರ್ತದೆ' ಅಂದ."

ಅಷ್ಟು ಹೇಳಿ ಮರುಳಸಿದ್ಧ ನಿಲ್ಲಿಸಿದ.

ಗುರುಗಳು ಹಾಳೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಿಂದಕ್ಕೆ ಕೊಡಲಿಲ್ಲ. ಕತೆ ಹೇಳಲು ತೊಡಗಿದರು.

ಒಬ್ಬ ವರ್ತಕನಿದ್ದ. ಅರಿಸಿನದ ವ್ಯಾಪಾರ. ಸಣ್ಣ ಅಂಗಡಿ, ಸಣ್ಣ ಗಳಿಕೆ. ಅವನಿಗೆ ಸಮುದ್ರದ ಆಚೆಗಿನ ದ್ವೀಪವನ್ನು ನೋಡುವ ಆಸೆ. ವ್ಯಾಪಾರಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ವರ್ಷಗಟ್ಟಲೆ ಕೂಡಿಟ್ಟ. ಒಂದು ತಿಂಗಳಿಗೆ ಏನೇನು ಬೇಕು ಎಂದು ಗುಣಿಸಿದ, ಭಾಗಿಸಿದ, ಒಂದೊಂದನ್ನೇ ಹೊಡೆದುಹಾಕಿದ. ಕೊನೆಗೆ ಒಂದು ಗಂಟು ಅವಲಕ್ಕಿ, ಒಂದು ಭರಣಿ ಉಪ್ಪಿನಕಾಯಿ, ಸೊಂಟದಲ್ಲಿ ಒಂದು ಹಣದ ಚೀಲ. ಇಷ್ಟರಲ್ಲಿ ಒಬ್ಬನೇ ಹಡಗು ಹತ್ತಿದ.

ದ್ವೀಪದ ಬಂದರಿನಲ್ಲಿ ಒಂದು ಛತ್ರವಿತ್ತು. ಪರಸ್ಥಳದವರಿಗೆ ಅಲ್ಲಿ ಮೂರು ದಿನ ಬಿಟ್ಟಿ. ನಾಲ್ಕನೆಯ ದಿನದಿಂದ ಬಾಡಿಗೆ. ವರ್ತಕ ಮೂರು ದಿನ ಇದ್ದ. ನಾಲ್ಕನೆಯ ಬೆಳಿಗ್ಗೆ ಗಂಟು ಹಿಡಿದುಕೊಂಡು ಬೀದಿಯಲ್ಲಿ ನಿಂತು, ಬಾಡಿಗೆ ಕೇಳಿದವನನ್ನು ತನ್ನ ಭಾಷೆಯಲ್ಲಿ ಬೈದುಕೊಂಡ.

ಹಗ್ಗದ ಹೊರೆ ಹೊತ್ತು ಹೋಗುತ್ತಿದ್ದ ಒಬ್ಬ ನಿಂತ. ಹೊರೆಯನ್ನು ಇಳಿಸಿದ.

"ಎಷ್ಟು ವರ್ಷವಾಯಿತು ಅಣ್ಣಾ, ಈ ಬೈಗುಳ ಕೇಳಿ! ಇನ್ನೊಂದು ಸಲ ಬೈಯಿರಿ, ಕೇಳೋಣ," ಎಂದ.

ಅವನು ವರ್ತಕನ ಊರಿನ ಪಕ್ಕದ ಊರಿನವನು. ಹಗ್ಗ ಹೊಸೆಯುವವನು. ದುಡಿಮೆ ಹುಡುಕಿಕೊಂಡು ದ್ವೀಪಕ್ಕೆ ಬಂದು ಅಲ್ಲೇ ನಿಂತಿದ್ದ. ಬಂದರಿನ ಹಿಂದೆ ಅವನದೊಂದು ಗುಡಿಸಲಿತ್ತು. ಅದರಲ್ಲಿ ಒಂದು ಮಂಚ ಹಿಡಿಸುತ್ತಿತ್ತು, ಒಂದು ಒಲೆ ಹಿಡಿಸುತ್ತಿತ್ತು. ವರ್ತಕನನ್ನು ಅಲ್ಲಿಗೆ ಕರೆದುಕೊಂಡು ಹೋದ.

"ಮಂಚ ಒಂದೇ ಇದೆಯಲ್ಲಪ್ಪಾ. ನೀನೆಲ್ಲಿ ಮಲಗುತ್ತೀ?" ಎಂದು ವರ್ತಕ ಕೇಳಿದ.

ಹಗ್ಗದವನು ಒಲೆಯ ಬೂದಿ ಕೆದಕುತ್ತ ಹೇಳಿದ: "ನನಗೆ ರಾತ್ರಿ ಕೆಲಸ ಅಣ್ಣಾ. ಮಂಚ ಸುಮ್ಮನೆ ಬಿದ್ದಿರುತ್ತದೆ. ನೀವು ಮಲಗಿದರೆ ತಿಗಣೆಗಳಿಗೂ ಒಂದು ಊಟ."

ವರ್ತಕ ನಕ್ಕ. ಗಂಟನ್ನು ಮಂಚದ ಕೆಳಗೆ ತಳ್ಳಿದ. ತನ್ನ ಅದೃಷ್ಟಕ್ಕೆ ತಾನೇ ತಲೆದೂಗಿದ.

ಹೀಗೆ ಇಪ್ಪತ್ತೇಳು ದಿನ ನಡೆಯಿತು. ಹಗಲೆಲ್ಲ ವರ್ತಕ ದ್ವೀಪ ಸುತ್ತುತ್ತಿದ್ದ. ಮುತ್ತು ತೆಗೆಯುವವರನ್ನು ನಿಲ್ಲಿಸಿ, ಉಸಿರು ಎಷ್ಟು ಹೊತ್ತು ಹಿಡಿಯುತ್ತೀರಿ ಎಂದು ಕೇಳಿದ. ಲವಂಗ ಒಣಗಿಸುವವರ ಬಳಿ ಕುಳಿತು, ಎಷ್ಟು ಬಿಸಿಲು ಬೇಕು ಎಂದು ಕೇಳಿದ. ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ. ಹಗ್ಗ ಹೊಸೆಯುವ ಅಂಗಳ ಗುಡಿಸಲಿನಿಂದ ಕೂಗಳತೆಯ ದೂರದಲ್ಲಿತ್ತು. ಅಲ್ಲಿಗೆ ಮಾತ್ರ ಹೋಗಲಿಲ್ಲ. ಹಗ್ಗ ತಮ್ಮೂರಲ್ಲೂ ಇದೆ. ಅದರಲ್ಲಿ ನೋಡುವುದೇನು?

ಸಂಜೆ ಹಗ್ಗದವನು ಗಂಜಿ ಕಾಯಿಸಿ ಇಬ್ಬರಿಗೂ ಬಡಿಸುತ್ತಿದ್ದ. ವರ್ತಕ ತನ್ನ ಭರಣಿಯಿಂದ ಒಂದು ಹೋಳು ಉಪ್ಪಿನಕಾಯಿ ತೆಗೆದು ಅವನ ಗಂಜಿಗೆ ಹಾಕುತ್ತಿದ್ದ. ಅಲ್ಲಿಗೆ ಸರಿಹೋಯಿತು ಎಂದುಕೊಳ್ಳುತ್ತಿದ್ದ. ಉಂಡ ಮೇಲೆ ಹಗ್ಗದವನು ತಲೆಗೆ ವಸ್ತ್ರ ಸುತ್ತಿಕೊಂಡು ಹೊರಡುತ್ತಿದ್ದ. ಬೆಳಿಗ್ಗೆ ಬರುವಾಗ ಅವನ ಕೂದಲಲ್ಲಿ ತೆಂಗಿನ ನಾರು. ಒಂದು ಕೆನ್ನೆಯ ಮೇಲೆ ಹಗ್ಗದ ಹುರಿ ಅಚ್ಚೊತ್ತಿದಂತೆ ಮೂಡಿರುತ್ತಿತ್ತು.

ವರ್ತಕ ಅದನ್ನು ನೋಡಿ ದಿನವೂ ಒಂದೇ ಮಾತು ಆಡುತ್ತಿದ್ದ. "ಏನಯ್ಯಾ, ಹಗ್ಗವನ್ನು ನೀನು ಹೊಸೆಯುತ್ತೀಯೋ, ನಿನ್ನನ್ನು ಹಗ್ಗ ಹೊಸೆಯುತ್ತದೆಯೋ?"

ಮರುಳಸಿದ್ಧ ನಕ್ಕುಬಿಟ್ಟ. ಗುರುಗಳು ನಗಲಿಲ್ಲ. ಅವನ ನಗೆ ಮುಗಿಯುವವರೆಗೆ ಕಾದರು.

ಹಗ್ಗದವನೂ ನಿನ್ನ ಹಾಗೆಯೇ ನಗುತ್ತಿದ್ದ, ಎಂದು ಮುಂದುವರಿಸಿದರು.

ಹೊರಡುವ ದಿನ ಬಂತು. ಹಡಗು ಮಧ್ಯಾಹ್ನಕ್ಕೆ. ಆ ಬೆಳಿಗ್ಗೆ ಹಗ್ಗದವನು ಗುಡಿಸಲಿಗೆ ಬರಲಿಲ್ಲ. ಹಡಗುಗಳಿಗೆ ಹಗ್ಗ ಬೇಕೆಂದು ಅವತ್ತು ಅಂಗಳದಲ್ಲಿ ಕೆಲಸದ ಅವಸರವಿತ್ತು. ಹೇಳದೆ ಹೋಗುವುದು ಸರಿಯಲ್ಲವೆಂದು ವರ್ತಕ ಗಂಟು ಹೆಗಲಿಗೆ ಹಾಕಿಕೊಂಡು ಅಂಗಳದ ಕಡೆ ನಡೆದ. ಸೊಂಟದ ಚೀಲ ಬಂದಾಗ ಎಷ್ಟು ಭಾರವಿತ್ತೋ ಹೆಚ್ಚುಕಡಿಮೆ ಅಷ್ಟೇ ಭಾರವಿತ್ತು. ಅದು ಬಡಿದಾಗಲೆಲ್ಲ ಅವನಿಗೆ ಹಿಗ್ಗು. ಊರಿಗೆ ಹೋದ ಮೇಲೆ ಜನ ಕೇಳುತ್ತಾರೆ, ಎಷ್ಟಾಯಿತು ಎಂದು. ಆಗ ಹೇಳಬೇಕು. ಅವರ ಬಾಯಿ ತೆರೆದದ್ದು ತೆರೆದಂತೆಯೇ ಇರಬೇಕು.

ಅಂಗಳದ ಬಾಗಿಲಲ್ಲಿ ಯಜಮಾನ ಕುಳಿತಿದ್ದ.

"ರಾತ್ರಿ ಕೆಲಸದವನು ಒಬ್ಬನಿದ್ದಾನಲ್ಲ, ನಮ್ಮ ಕಡೆಯವನು. ಅವನನ್ನು ನೋಡಬೇಕಿತ್ತು," ಎಂದ ವರ್ತಕ.

"ರಾತ್ರಿ ಕೆಲಸವೇ?" ಯಜಮಾನ ನಕ್ಕ. "ಹಗ್ಗ ಹೊಸೆಯುವವನಿಗೆ ಎಳೆ ಕಾಣಬೇಕು ಸ್ವಾಮಿ. ಈ ನಾರಿನ ರಾಶಿಯ ನಡುವೆ ದೀಪ ಹಚ್ಚುವ ಹುಚ್ಚ ಯಾರು? ಹೊತ್ತು ಮುಳುಗಿತೆಂದರೆ ಇಲ್ಲಿ ಕೈ ಆಡುವುದಿಲ್ಲ. ಅವನು ಇಲ್ಲಿ ಮಲಗುತ್ತಾನೆ ಅಷ್ಟೆ, ಆ ಹಗ್ಗದ ಸುರುಳಿಗಳ ಮೇಲೆ. ತಿಂಗಳು ಆಗುತ್ತ ಬಂತು. ಮನೆಗೆ ಊರಿನ ನೆಂಟರು ಬಂದಿದ್ದಾರಂತೆ. ಯಾವತ್ತು ಹೋಗುತ್ತಾರೋ ಪಾಪ, ಅವನಿಗೂ ಗೊತ್ತಿಲ್ಲ. ಹಗಲೆಲ್ಲ ನಡೆದು, ರಾತ್ರಿ ಹುರಿಯ ಮೇಲೆ ಮಲಗಿದರೆ ಬೆನ್ನು ಏನಾಗಬೇಕು, ಹೇಳಿ? ನೀವು ಯಾರು?"

"ದಾರಿಹೋಕ," ಎಂದ ವರ್ತಕ.

ಹಾಗೆ ಅಂದದ್ದನ್ನು ಅವನ ಕಿವಿಯೇ ಕೇಳಿತು.

ಅಂಗಳ ಉದ್ದವಾಗಿತ್ತು. ಆ ತುದಿಯಲ್ಲಿ ಒಬ್ಬ ರಾಟೆ ತಿರುಗಿಸುತ್ತಿದ್ದ. ಹಗ್ಗದವನು ಸೊಂಟಕ್ಕೆ ನಾರಿನ ಕಂತೆ ಕಟ್ಟಿಕೊಂಡು, ಎರಡು ಕೈಯಲ್ಲೂ ಎಳೆ ಹಿಡಿದು, ನಾರು ಕೊಡುತ್ತ ಕೊಡುತ್ತ ಹಿಂದು ಹಿಂದಕ್ಕೆ ನಡೆದು ಬರುತ್ತಿದ್ದ. ಅವರ ಕೆಲಸವೇ ಹಾಗೆ. ಮುಂದೆ ನೋಡುತ್ತಾರೆ, ಹಿಂದಕ್ಕೆ ನಡೆಯುತ್ತಾರೆ. ಅವನ ಬೆನ್ನು ವರ್ತಕನ ಕಡೆಗೆ ಬರುತ್ತಿತ್ತು. ನಡು ಒಂದು ಪಕ್ಕಕ್ಕೆ ವಾಲಿತ್ತು. ಮೊದಲು ಕಂಡ ದಿನ ಹೊರೆ ಇಳಿಸಿದಾಗ ಅದು ನೆಟ್ಟಗಿತ್ತು. ಗಂಜಿ ಬಡಿಸುವಾಗ ಎದುರೇ ಕೂರುತ್ತಿದ್ದವನ ಬೆನ್ನನ್ನು ವರ್ತಕ ಆಮೇಲೆ ಒಮ್ಮೆಯೂ ನೋಡಿರಲಿಲ್ಲ.

ಹಗ್ಗದವನು ಇನ್ನೂ ಅವನನ್ನು ನೋಡಿರಲಿಲ್ಲ. ವರ್ತಕ ಹೊರಟುಹೋಗಬಹುದಿತ್ತು. ಎರಡು ಹೆಜ್ಜೆ ಹಾಕಿಯೂ ಬಿಟ್ಟ. ಆದರೆ ಅಲ್ಲಿಗೇ ನಿಂತ. ಬೆನ್ನು ಬಂದು ಅವನಿಗೆ ತಾಗಿತು.

ಹಗ್ಗದವನು ಕತ್ತು ತಿರುಗಿಸಿದ. ಮೊದಲು ವರ್ತಕನನ್ನು ನೋಡಿದ. ಆಮೇಲೆ ಬಾಗಿಲಲ್ಲಿದ್ದ ಯಜಮಾನನನ್ನು ನೋಡಿದ. ತಿಳಿಯಿತು.

ವರ್ತಕ ಸೊಂಟದ ಚೀಲ ಬಿಚ್ಚಿದ. ಚೀಲವನ್ನು ಹಾಗೇ ಅವನ ಮುಂದೆ ಹಿಡಿದ.

"ಕೈ ಬಿಡುವಂತಿಲ್ಲ ಅಣ್ಣಾ," ಎಂದ ಹಗ್ಗದವನು. "ಬಿಟ್ಟರೆ ಇಷ್ಟು ಹೊತ್ತು ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಒಳಗಿಡಿ, ಬೀಳುತ್ತದೆ."

"ಯಾಕಪ್ಪಾ ಸುಳ್ಳು ಹೇಳಿದೆ?"

ಹಗ್ಗದವನಿಗೆ ಸಂಕೋಚವಾಯಿತು. ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ.

"ಒಂದೇ ಸಲ ಹೇಳಿದ್ದು ಅಣ್ಣಾ. ದಿನಾ ಕೇಳಿದ್ದರೆ ದಿನಾ ಹೇಳಬೇಕಾಗುತ್ತಿತ್ತು. ನೀವು ಎರಡನೆಯ ಸಲ ಕೇಳಲೇ ಇಲ್ಲ. ಅದು ನಿಮ್ಮ ಉಪಕಾರ."

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ವರ್ತಕನಿಗೆ ಅಷ್ಟೋ ಇಷ್ಟೋ ಹಗುರವಾಗುತ್ತಿತ್ತು.

ವರ್ತಕ ಹಡಗು ಹತ್ತಿದ. ಊರು ಸೇರಿದ. ಜನ ಸುತ್ತ ಕುಳಿತರು. ಮುತ್ತಿನ ವಿಷಯ ಹೇಳಿದ, ಲವಂಗದ ವಿಷಯ ಹೇಳಿದ. ಕೊನೆಗೆ ಒಬ್ಬ ಕೇಳಿಯೇ ಕೇಳಿದ: "ಅಲ್ಲಾ ಸಾಹುಕಾರ್ರೇ, ಒಂದು ತಿಂಗಳು ಅಷ್ಟೆಲ್ಲ ನೋಡಿಕೊಂಡು ಬರುವುದಕ್ಕೆ ಎಷ್ಟಾಯಿತು?"

ಹೋಗುವ ಮೊದಲಿನಿಂದ ವರ್ತಕ ಕಾದಿದ್ದ ಪ್ರಶ್ನೆ ಅದು. ನೀರು ಕುಡಿದು ಬರುತ್ತೇನೆ ಎಂದು ಒಳಗೆ ಎದ್ದುಹೋದ. ಜನ ಬಹಳ ಹೊತ್ತು ಕಾದರು. ಅವನು ಹೊರಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧ ನೆಲ ನೋಡುತ್ತ ಕುಳಿತಿದ್ದ. ನಡುವೆ ತಾನು ನಕ್ಕದ್ದು ನೆನಪಾಯಿತು. ಆ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಗುರುಗಳಿಗೆ ಅವನು ಹೇಳದೆ ಬಿಟ್ಟ ಒಂದು ಮಾತಿತ್ತು. ಅವತ್ತು ಫೋನಿನಲ್ಲಿ ತಿಪ್ಪೇಶನ ಹಿಂದೆ ಇನ್ನೊಂದು ದನಿ ಕೇಳಿಸಿತ್ತು. ನಮ್ಮ ಕಡೆಯದೇ ದನಿ. "ಎದ್ದೇಳೋ ಮಾರಾಯ, ಕೆಲಸ ಮುಗಿಸಿ ಬಂದೀನಿ, ಈಗ ಮಂಚ ನಂದು. ನಮ್ಮಿಬ್ರ ಪಾಳಿ ಆದ್ಮೇಲೆ ಮಲಗೋಕೆ ಇನ್ನೂ ಇಬ್ರು ಅವ್ರೆ." ಬೆಳಗಿನ ಹತ್ತು ಗಂಟೆ ಅದು. ತಿಪ್ಪೇಶ ತಟಕ್ಕನೆ ಫೋನಿಗೆ ಕೈ ಅಡ್ಡ ಹಿಡಿದಿದ್ದ. ಕೈ ತೆಗೆದ ಮೇಲೆ, "ಏನಿಲ್ಲ ಮೇಷ್ಟ್ರೇ, ನೀವು ಬನ್ನಿ," ಎಂದು ಮೊದಲಿಗಿಂತ ಜೋರಾಗಿ ಹೇಳಿದ್ದ. ಮರುಳಸಿದ್ಧನಿಗೆ ಎಲ್ಲ ಕೇಳಿಸಿತ್ತು. ಅರ್ಥವೂ ಆಗಿತ್ತು. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹಾಳೆಯನ್ನು ಏಳನೆಯ ಸಲ ಬರೆಯಬೇಕಾಗುತ್ತಿತ್ತು. ಈ ಸಲ ಮೊತ್ತ ಇಳಿಯುತ್ತಿರಲಿಲ್ಲ, ಏರುತ್ತಿತ್ತು. ಏರಿದರೆ ಬಂದರುಗಳು ಕಪ್ಪುಹಲಗೆಯ ಮೇಲೆಯೇ ಉಳಿಯುತ್ತಿದ್ದವು.

"ನಾನಾಗಿ ಕೇಳಲಿಲ್ಲ ಬುದ್ಧಿ. ಅವನೇ ಬನ್ನಿ ಅಂದ..." ಎಂದ.

ಗುರುಗಳು ಹಾಳೆಯನ್ನು ಅವನ ಕಡೆಗೆ ತಿರುಗಿಸಿ, ಮೊದಲು ನಿಂತಿದ್ದ ಸಾಲಿನ ಮೇಲೆಯೇ ಬೆರಳಿಟ್ಟರು.

"ಈ ಸೊನ್ನೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಮರುಳಸಿದ್ಧ?"