ಹಗ್ಗ ಹಿಡಿಯುವ ಭಾವ

"ಗುರುಗಳೇ, ಕಾಡಿನ ಮಕ್ಕಳಿಗೆ ಇನ್ನೇನು ಕೊಟ್ಟರೆ ಅವರು ಶಾಲೆಯಲ್ಲಿ ನಿಲ್ಲುತ್ತಾರೆ?" ಎಂದು ಶಿಷ್ಯ ಕೇಳಿದ.

ಅವನು ಅನುಕೂಲಸ್ಥ, ಮನಸ್ಸೂ ಒಳ್ಳೆಯದು. ಕಾಡಂಚಿನ ಹಾಡಿಗಳ ಹೆಣ್ಣುಮಕ್ಕಳಿಗಾಗಿ ಒಂದು ಹಾಸ್ಟೆಲ್ ಕಟ್ಟಿಸುತ್ತಿದ್ದ. ಅಂದು ಬೆಳಗ್ಗೆ ಮಗಳನ್ನು ಶಾಲೆಯ ಬಸ್ಸು ಹತ್ತಿಸಿ, ಅಲ್ಲಿಂದ ನೇರವಾಗಿ ಮಠಕ್ಕೆ ಬಂದಿದ್ದ. ಕಟ್ಟಡದ ನಕ್ಷೆಯನ್ನು ಗುರುಗಳ ಮುಂದೆ ಹರಡಿ, ಅದು ಸುತ್ತಿಕೊಳ್ಳದಂತೆ ತಾನೇ ತಂದಿದ್ದ ಬಾಳೆಹಣ್ಣನ್ನು ಮೂಲೆಗೊಂದರಂತೆ ಇಟ್ಟು ವಿವರಿಸಿದ. ನಲವತ್ತು ಮಂಚ, ನಲವತ್ತು ಹಾಸಿಗೆ, ನಲವತ್ತು ಪೆಟ್ಟಿಗೆ. ಸ್ನಾನಕ್ಕೆ ಬಿಸಿನೀರು. ಮಕ್ಕಳಿಗೆ ಕಾಡಿನಲ್ಲೇ ಇದ್ದಂತೆ ಇರಲಿ ಎಂದು ಗೋಡೆಗೆಲ್ಲ ಗಿಳಿಹಸಿರು ಬಣ್ಣ. ಇಷ್ಟಾದರೂ ತಾಯ್ತಂದೆಯರು ಮಕ್ಕಳನ್ನು ಕಳಿಸಲು ಒಪ್ಪುತ್ತಿಲ್ಲ ಎಂಬುದು ಅವನ ದುಃಖ.

ಗುರುಗಳು ಒಂದು ಮೂಲೆಯ ಬಾಳೆಹಣ್ಣನ್ನು ತೆಗೆದು ಸುಲಿದರು. ನಕ್ಷೆಯ ಆ ಮೂಲೆ ಸುತ್ತಿಕೊಂಡಿತು. ಅವರು ಹಣ್ಣು ತಿಂದು ಮುಗಿಸಿ ಕತೆ ಶುರುಮಾಡಿದರು.

ಒಬ್ಬ ಮೇಷ್ಟ್ರಿದ್ದರು. ಜೇನು ಕೀಳುವವರ ಒಂದು ಹಾಡಿಯಲ್ಲಿ ಏಳನೆಯ ತರಗತಿಯವರೆಗೆ ಶಾಲೆ. ಅದಕ್ಕೆ ಅವರೇ ಮೇಷ್ಟ್ರು, ಅವರೇ ಜವಾನ, ಗಂಟೆ ಹೊಡೆಯುವವರೂ ಅವರೇ.

ಆ ವರ್ಷ ಬೊಳ್ಳಿ ಎಂಬ ಹುಡುಗಿ ಏಳನೆಯದನ್ನು ಮುಗಿಸಿದಳು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗಲೆಲ್ಲ ಅವಳು ಸಣ್ಣಗೆ ಕೆಮ್ಮುತ್ತಿದ್ದಳು. ಮೇಷ್ಟ್ರು ಏನೂ ಆಗದವರಂತೆ ಒರೆಸಿ ಸರಿಮಾಡುತ್ತಿದ್ದರು. ವರ್ಷದ ಕೊನೆಗೆ ಅವಳ ಕೆಮ್ಮು ಎಷ್ಟು ಹೆಚ್ಚಿತೆಂದರೆ, ಇವಳಿಗೆ ಇನ್ನು ತನ್ನಿಂದ ಕಲಿಯುವುದು ಏನೂ ಉಳಿದಿಲ್ಲವೆಂದು ಮೇಷ್ಟ್ರಿಗೇ ಮನದಟ್ಟಾಯಿತು.

ಎಂಟನೆಯದಕ್ಕೆ ಪಟ್ಟಣಕ್ಕೆ ಹೋಗಬೇಕು, ಹಾಸ್ಟೆಲ್ಲಿನಲ್ಲಿ ಇರಬೇಕು. ಹಾಡಿಯವರು ಬೇಡವೆಂದರು. ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಒಬ್ಬ ಹುಡುಗನನ್ನು ಹಾಗೆ ಓದಲು ಕಳಿಸಿದ್ದರು. ಎಂಟನೆಯ ದಿನಕ್ಕೆ ಅವನು ಕಾಡುದಾರಿಯಲ್ಲಿ ಒಬ್ಬನೇ ನಡೆದು ವಾಪಸು ಬಂದ. ಅವನು ಬಂದು ಹದಿನೈದು ದಿನವಾದ ಮೇಲೆ ಹಾಸ್ಟೆಲ್ಲಿನವರಿಗೆ ಅವನು ಇಲ್ಲವೆಂಬ ಸಂಗತಿ ಗೊತ್ತಾಯಿತು. ಅಲ್ಲಿಯವರೆಗೆ ಹಾಜರಿ ಪುಸ್ತಕದ ಪ್ರಕಾರ ಅವನು ದಿನಾ ಎರಡು ಹೊತ್ತು ಉಂಡಿದ್ದ, ಬೆಳಗಿನ ಪ್ರಾರ್ಥನೆಯನ್ನೂ ತಪ್ಪಿಸಿರಲಿಲ್ಲ. ಇತ್ತ ಹಾಡಿಯಲ್ಲಿ ಅವನು ಯಾರೊಂದಿಗೂ ಮಾತಾಡದೆ ಗೋಡೆಗೆ ಮುಖಮಾಡಿ ಕೂತಿದ್ದ. ಶಾಲೆಯ ಗಂಟೆ ಕೇಳಿದರೆ ಅವನು ಈಗಲೂ ಎದ್ದು ಕಾಡಿನ ಕಡೆಗೆ ಹೋಗುತ್ತಾನೆ.

ಮೇಷ್ಟ್ರು ಮಾತ್ರ ಟೊಂಕ ಕಟ್ಟಿ ನಿಂತರು. ಮೊದಲ ಸಲ ಅರ್ಜಿ ಹಿಡಿದು ಬೊಳ್ಳಿಯ ಅಪ್ಪನ ಹತ್ತಿರ ಹೋದರು. ಎರಡನೆಯ ಸಲ ಒಂದು ಕಂಬಳಿ ಕೊಂಡುಹೋದರು. ಮೂರನೆಯ ಸಲ ಹೊಸ ಟ್ರಂಕನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದರು. ಬೊಳ್ಳಿಯ ಅಪ್ಪ ಟ್ರಂಕನ್ನು ಬಡಿದು ನೋಡಿದ, ಮುಚ್ಚಳ ತೆಗೆದು ಹಾಕಿ ನೋಡಿದ, ಕೋಳಿ ಕಾವಿಗೆ ಕೂರಿಸಲು ಇಷ್ಟು ಒಳ್ಳೆಯದು ಸಿಗುವುದಿಲ್ಲವೆಂದು ಮೆಚ್ಚಿದ. ಆಮೇಲೆ ಕೇಳಿದ: "ಎಲ್ಲಾ ಸರಿ ಮೇಷ್ಟ್ರೇ. ಮೇಲೆ ಹಗ್ಗ ಹಿಡಿಯೋರು ಯಾರು?"

ಅಲ್ಲಿ ಇವಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಿದ್ದಾನೆ ಅನ್ನುವಷ್ಟು ಮೇಷ್ಟ್ರಿಗೆ ಅರ್ಥವಾಯಿತು. "ಸರ್ಕಾರವೇ ಹಿಡಿಯುತ್ತಪ್ಪ" ಎಂದರು.

ಬೊಳ್ಳಿಯ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರ್ಕಾರದ ತಂಗೀನ ನಮ್ಮೋರು ಯಾರೂ ಮದ್ವೆ ಆಗಿಲ್ವಲ್ಲ ಮೇಷ್ಟ್ರೇ!" ಒಳಗಿದ್ದ ಅವನ ಹೆಂಡತಿ ನಕ್ಕಳು. ಅಕ್ಕಪಕ್ಕದ ಗುಡಿಸಲುಗಳೂ ನಕ್ಕವು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಮೇಷ್ಟ್ರೂ ನಕ್ಕು, ದಾರಿಯುದ್ದಕ್ಕೂ ಗೊಣಗುತ್ತ ಮನೆಗೆ ಬಂದರು. ಮಾರನೆಯ ದಿನ ಶಾಲೆಗೆ ಹೋದರೆ, ಬೊಳ್ಳಿ ಜಗಲಿಯ ಮೇಲೆ ಕೂತು ಏಳನೆಯ ತರಗತಿಯ ಪುಸ್ತಕವನ್ನೇ ಮೂರನೆಯ ಸಲ ಓದುತ್ತಿದ್ದಳು.

ಅಷ್ಟರಲ್ಲಿ ಹೆಜ್ಜೇನಿನ ಕಾಲ ಬಂತು. ನೋಡಲು ಬನ್ನಿ ಎಂದು ಬೊಳ್ಳಿಯ ಅಪ್ಪನೇ ಕರೆದ. ಮೇಷ್ಟ್ರು ಏದುಸಿರು ಬಿಡುತ್ತ ಬಂಡೆಯ ನೆತ್ತಿಗೆ ಹೋದರು. ಮರಕ್ಕೆ ಹಗ್ಗ ಬಿಗಿದಾಗಿತ್ತು, ಹೊಗೆಗೆ ಸೊಪ್ಪು ಕಟ್ಟಿದ್ದಾಗಿತ್ತು. ಹಗ್ಗದಲ್ಲಿ ಕೆಳಗಿನ ಜೇನುಗೂಡಿಗೆ ಇಳಿಯಬೇಕಾದ ಬೊಳ್ಳಿಯ ಅಪ್ಪ ಮಾತ್ರ ಎಲೆಯಡಿಕೆ ಜಗಿಯುತ್ತ ಕೂತಿದ್ದ. ಬಿಸಿಲು ನೆತ್ತಿಗೆ ಬಂದರೂ ಎದ್ದಿರಲಿಲ್ಲ. ಯಾಕೆಂದರೆ, ಮೇಲೆ ಹಗ್ಗ ಹಿಡಿಯಬೇಕಾದ ಭಾವ ಬಂದಿಲ್ಲ. ಭಾವ ಎಂದರೆ ಅವನ ಹೆಂಡತಿಯ ಅಣ್ಣ.

"ಇಲ್ಲೇ ಆರು ಜನ ಗಟ್ಟಿಮುಟ್ಟಾಗಿ ನಿಂತಿದ್ದಾರಲ್ಲಯ್ಯಾ, ಯಾರಾದರೂ ಹಿಡಿಯಲಿ" ಎಂದರು ಮೇಷ್ಟ್ರು.

"ಇವರೆಲ್ಲಾ ಒಳ್ಳೇರೇ. ನಾನು ಬಿದ್ರೆ ಅಯ್ಯೋ ಪಾಪ ಅಂತಾರೆ. ಭಾವ ಹಂಗಂದು ಮನೆಗೆ ಹೋಗೋಕಾಗಲ್ಲ. ಅವನ ತಂಗಿ ಬಾಗಿಲಲ್ಲೇ ನಿಂತಿರ್ತಾಳೆ."

ಕೊನೆಗೂ ಭಾವ ಬಂದ. ಕಡ್ಡಿಯಂಥ ಆಸಾಮಿ, ಸಾಲದ್ದಕ್ಕೆ ದಮ್ಮಿನ ಕಾಯಿಲೆ. ಒಂದು ನಾಯಿಯ ವಿಷಯಕ್ಕೆ ಜಗಳವಾಗಿ ಇಬ್ಬರೂ ವರ್ಷದಿಂದ ಮಾತು ಬಿಟ್ಟಿದ್ದರು. ಭಾವ ಬೈಯುತ್ತಲೇ ಬಂದ, ಬೈಯುತ್ತಲೇ ಹಗ್ಗದ ಪಕ್ಕ ಕೂತ. ಕೆಳಗೆ ಬೊಳ್ಳಿಯ ಅಪ್ಪ ನೇತಾಡುತ್ತಿದ್ದಷ್ಟು ಹೊತ್ತೂ ಅವನ ಮೂಗನ್ನು ಬೈದ, ನಡಿಗೆಯನ್ನು ಬೈದ, ನಾಯಿಯನ್ನು ಮತ್ತೊಮ್ಮೆ ಬೈದ. ಕೈ ಮಾತ್ರ ಹಗ್ಗ ಬಿಡಲಿಲ್ಲ, ಕಣ್ಣು ಗಂಟು ಬಿಡಲಿಲ್ಲ. ಒಂದು ಹುಳು ಬಂದು ರೆಪ್ಪೆಗೇ ಕಚ್ಚಿತು. ಕಣ್ಣು ಊದಿ ಮುಚ್ಚಿಹೋಯಿತು. ಇನ್ನೊಂದು ಕಣ್ಣಿನಲ್ಲಿ ಗಂಟು ನೋಡುತ್ತ ಬೈಗುಳ ಮುಂದುವರಿಸಿದ. ಜೇನು ಮೇಲೆ ಬಂತು, ಬೊಳ್ಳಿಯ ಅಪ್ಪನೂ ಬಂದ. ಇಬ್ಬರೂ ಮತ್ತೆ ಮಾತು ಬಿಟ್ಟರು.

ಸರ್ಕಾರದ ತಂಗಿ ಯಾಕೆ ಬೇಕಿತ್ತು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಎರಡು ತಿಂಗಳು ತಡವಾಗಿ, ಒಬ್ಬರೇ ನಕ್ಕರು. ಆ ಹುರುಪಿನಲ್ಲೇ, "ಬೊಳ್ಳಿಯ ಹಗ್ಗ ನಾನು ಹಿಡಿಯುತ್ತೇನೆ" ಎಂದುಬಿಟ್ಟರು.

ಈ ಸಲ ಬೊಳ್ಳಿಯ ಅಪ್ಪ ನಗಲಿಲ್ಲ. "ನೀವು ಒಳ್ಳೇರು ಮೇಷ್ಟ್ರೇ. ಅವಳು ಬಿದ್ರೆ ನಿಮ್ಮನೇಲಿ ಯಾರು ಅಳ್ತಾರೆ?"

ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಬಂಡೆ ಇಳಿದರು.

ಕತೆ ಕೇಳುತ್ತಿದ್ದ ಶಿಷ್ಯ ನಕ್ಕ. ಗುರುಗಳು ಎರಡನೆಯ ಬಾಳೆಹಣ್ಣು ಸುಲಿದರು. "ನಗು, ನಗು. ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ" ಎಂದು ಮುಂದುವರಿಸಿದರು.

ಮೇಷ್ಟ್ರಿಗೂ ಒಬ್ಬಳು ಮಗಳಿದ್ದಳು. ಅವಳೂ ಅದೇ ಶಾಲೆಯಲ್ಲಿ ಬೊಳ್ಳಿಯ ಜೊತೆಗೇ ಏಳನೆಯದನ್ನು ಮುಗಿಸಿದ್ದಳು. ದೂರದ ನಗರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ದೊಡ್ಡ ಶಾಲೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಬಂಡೆಯಿಂದ ಬಂದ ಐದನೆಯ ದಿನ ಮೇಷ್ಟ್ರು ಹೆಂಡತಿಗೆ ಹೇಳಿದರು: ಇವಳನ್ನೂ ಬೊಳ್ಳಿಯ ಜೊತೆ ಪಟ್ಟಣದ ಹಾಸ್ಟೆಲ್ಲಿಗೆ ಸೇರಿಸೋಣ.

ಹೆಂಡತಿ ಸೌಟು ಕೆಳಗಿಟ್ಟರು. "ಅಲ್ಲಿ ಊಟ ಹೇಗಿದೆ?"

"ಸಾರಿನಲ್ಲಿ ಬೇಳೆ ಸ್ವಲ್ಪ ಕಡಿಮೆ."

"ಬಚ್ಚಲು?"

"ಇದೆ. ಚಿಲಕ ಇಲ್ಲ."

"ಇದನ್ನೆಲ್ಲ ಬೊಳ್ಳಿಯ ಅಮ್ಮನಿಗೆ ಹೇಳಿದ್ದೀರಾ?"

ಎಲ್ಲ ಅನುಕೂಲವಿದೆ ಎಂದು ಬೊಳ್ಳಿಯ ಅಮ್ಮನಿಗೆ ಮೂರು ಸಲ ಹೇಳಿದ್ದ ಮೇಷ್ಟ್ರು, ತಮ್ಮ ಕಾಲಿನ ಬೆರಳು ನೋಡಿಕೊಂಡರು. ಮೂರನೆಯ ದಿನ ಮಗಳೇ ತೀರ್ಮಾನ ಹೇಳಿದಳು. "ಬೊಳ್ಳಿ ನನ್ನ ಲೆಕ್ಕಕ್ಕೂ ಕೆಮ್ಮೋದಾದ್ರೆ ನಾನು ಹೋಗ್ತೀನಪ್ಪ." ಹೆಂಡತಿ ಒಂದೇ ಷರತ್ತು ಹಾಕಿದರು. ಪ್ರತಿ ಭಾನುವಾರ ಮೇಷ್ಟ್ರೇ ಹೋಗಿ ನೋಡಿ ಬರಬೇಕು.

ಸುದ್ದಿ ಕೇಳಿ ಬೊಳ್ಳಿಯ ಅಪ್ಪ ಒಳಗೆ ಹೋದ. ಟ್ರಂಕಿನಿಂದ ಕೋಳಿಯನ್ನು ಎಬ್ಬಿಸಿದ.

ಇಪ್ಪತ್ತು ವರ್ಷ ನೌಕರಿಯಲ್ಲಿ ಒಬ್ಬ ಗುಮಾಸ್ತನ ಮುಂದೂ ದನಿ ಎತ್ತದ ಮನುಷ್ಯ ಆ ಮೇಷ್ಟ್ರು. ಮೊದಲ ಭಾನುವಾರವೇ ವಾರ್ಡನ್ನರ ಮೇಜು ಗುದ್ದಿದರು. ಬೊಳ್ಳಿಯನ್ನು ಕೇಳಿದರೆ ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದಳು. ಮಗಳು ಒಂದನ್ನೂ ಬಿಡದೆ ಹೇಳುತ್ತಿದ್ದಳು. ಎರಡನೆಯ ವಾರ ಸಾರಿಗೆ ಬೇಳೆ ಬಿತ್ತು, ಬಚ್ಚಲಿಗೆ ಚಿಲಕ ಬಂತು. ಮೇಷ್ಟ್ರ ಕೊಡೆ ಗೇಟಿನಲ್ಲಿ ಕಂಡರೆ ವಾರ್ಡನ್ ಉಗ್ರಾಣ ಸೇರಿಕೊಳ್ಳುತ್ತಿದ್ದರು.

ಮೂರನೆಯ ವಾರ ಬೊಳ್ಳಿ ಹಾಡಿಗೆ ಹಿಂದಿರುಗಲು ಹಾಸಿಗೆ ಸುತ್ತಿದಳು. ಅವಳು ಹುಟ್ಟಿದಾಗಿನಿಂದ ಒಬ್ಬಳೇ ಮಲಗಿದವಳಲ್ಲ. ಮಂಚದ ಎರಡೂ ಕಡೆ ಖಾಲಿಯಿದ್ದರೆ ಅವಳಿಗೆ ನಿದ್ದೆ ಬಾರದು. ಇಪ್ಪತ್ತು ದಿನ ನಿದ್ದೆಯಿಲ್ಲದವಳು ಎಂಥ ಲೆಕ್ಕ ಮಾಡಿಯಾಳು? ಆದರೆ ಈ ಸಲ ಗೊತ್ತಾಗಲು ಹದಿನೈದು ದಿನ ಬೇಕಾಗಲಿಲ್ಲ. ಅವಳು ಗೇಟು ಮುಟ್ಟುವಷ್ಟರಲ್ಲಿ ಮೇಷ್ಟ್ರ ಮಗಳು ಹಿಂದಿನಿಂದ ಓಡಿಬಂದು ಕೈ ಹಿಡಿದಳು, ಸುದ್ದಿ ತಿಳಿದು ಸಂಜೆಯೊಳಗೆ ಮೇಷ್ಟ್ರು ಬಂದರು. ಬೈಯಲಿಲ್ಲ. ಇಬ್ಬರನ್ನೂ ಹಾಡಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಬಿಟ್ಟರು. ಐದನೆಯ ದಿನ ಬೊಳ್ಳಿ ತಾನಾಗಿ ಚೀಲ ಹೆಗಲಿಗೇರಿಸಿದಳು. ಹಾಸ್ಟೆಲ್ಲಿಗೆ ಹೋದವರೇ ಇಬ್ಬರೂ ಮಂಚ ಜೋಡಿಸಿ ಹಾಕಿಕೊಂಡರು. ಅದನ್ನು ನೋಡಿ ಪಕ್ಕದವಳು ಜೋಡಿಸಿದಳು, ಅವಳ ಪಕ್ಕದವಳೂ ಜೋಡಿಸಿದಳು. ವಾರ್ಡನ್ ಬಂದು ನೋಡಿದಾಗ ಕೋಣೆಯಲ್ಲಿ ಒಂದೇ ಒಂದು ಉದ್ದದ ಮಂಚವಿತ್ತು.

ಮೇಷ್ಟ್ರಿಗೆ ಆಮೇಲೆ ಹಾಡಿಯಲ್ಲಿ ಯಾರೂ ಮೇಷ್ಟ್ರೇ ಎನ್ನಲಿಲ್ಲ. ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದ ದಿನ ಬೊಳ್ಳಿಯ ಅಪ್ಪ ದೂರದಿಂದಲೇ ಕೂಗಿದ: "ಏ ಭಾವ! ಈ ವರ್ಷ ಜೇನಿಗೆ ಮರ ಹುಡ್ಕೋದೇ ಬೇಡ ಕಣೋ, ನಿನ್ನ ಹೊಟ್ಟೆಗೇ ಹಗ್ಗ ಬಿಗಿದು ಇಳೀತೀನಿ!" ಇನ್ಸ್‌ಪೆಕ್ಟರು ದಂಗಾದರು. ಮೇಷ್ಟ್ರಿಗೆ ಜನ್ಮದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮೂರನೆಯ ಬಾಳೆಹಣ್ಣು ತೆಗೆದರು. ಶಿಷ್ಯನ ಮುಖ ಅರಳಿತ್ತು.

"ಅರ್ಥವಾಯಿತು ಗುರುಗಳೇ. ನನಗೆ ಬೇಕಾದದ್ದು ಒಬ್ಬ ಒಳ್ಳೆಯ ವಾರ್ಡನ್. ಎಷ್ಟು ಸಂಬಳ ಕೇಳಿದರೂ ಕೊಡುತ್ತೇನೆ."

ಗುರುಗಳು ಕೊನೆಯ ಹಣ್ಣನ್ನೂ ಎತ್ತಿ ಅವನ ಕೈಗೆ ಕೊಟ್ಟರು. ನಕ್ಷೆ ಪೂರ್ತಿಯಾಗಿ ಸುತ್ತಿಕೊಂಡಿತು. ಶಿಷ್ಯ ಅದನ್ನು ಮತ್ತೆ ಬಿಡಿಸಲು ಬಗ್ಗಿದಾಗ ಗುರುಗಳು ಕೇಳಿದರು:

"ನಲವತ್ತು ಮಂಚ ಅಂದೆಯಲ್ಲ, ಅದರಲ್ಲಿ ನಿನ್ನ ಮಗಳದು ಯಾವುದು?"