ಗಂಡುಗುಬ್ಬಿಯ ಕೊರಳಿನ ಮಸಿ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಈಗ ತಾನೆ ಹೆಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ನೆಲ ಬಿಸಿಯಾಗಿತ್ತು. ಸೂರ್ಯನನ್ನು ಎಷ್ಟು ಎತ್ತರದಲ್ಲಿ ಇಡಬೇಕು ಅಂತ ಯಾರೂ ಅಳೆದಿರಲಿಲ್ಲ. ಅವನು ತೆಂಗಿನ ಗರಿಗೆ ತಾಗುವಷ್ಟು ಕೆಳಗೇ ಓಡಾಡಿಕೊಂಡಿದ್ದ.

ಆಗ ಗಂಡುಗುಬ್ಬಿ, ಹೆಣ್ಣುಗುಬ್ಬಿ ಎರಡಕ್ಕೂ ಒಂದೇ ಬಣ್ಣ. ಒಣಹುಲ್ಲಿನ ಬಣ್ಣ. ಯಾರು ಗಂಡ, ಯಾರು ಹೆಂಡತಿ ಅಂತ ಅವಕ್ಕೆ ಗೊತ್ತಿತ್ತು, ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಅದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ ಅನ್ನಿ.

ಒಂದು ಊರಿನಲ್ಲಿ ದೇವೀರಮ್ಮ ಅಂತ ಒಬ್ಬಳು ಮಡಕೆ ಮಾಡುತ್ತಿದ್ದಳು. ಲೋಕದಲ್ಲಿ ಮೊದಲು ಮಡಕೆ ಮಾಡಿದವಳು ಅವಳೇ. ಹೇಳಿಕೊಡುವವರು ಯಾರೂ ಇರಲಿಲ್ಲ, ತಾನೇ ಕಲಿತವಳು. ಹಾಗಾಗಿ ಅವಳಿಗೆ ಸ್ವಲ್ಪ ಜಂಬ ಇತ್ತು. ಕೆಲಸ ಬಲ್ಲವರಿಗೆ ಅಷ್ಟು ಇರುತ್ತದೆ ಬಿಡಿ.

ಮಡಕೆ ಅರ್ಧ ಒಣಗಿದಾಗ ದೇವೀರಮ್ಮ ಒಂದು ಬೆಣಚುಕಲ್ಲು ತೆಗೆದುಕೊಂಡು ಅದನ್ನು ತಿಕ್ಕುತ್ತಿದ್ದಳು. ಎಷ್ಟು ತಿಕ್ಕುತ್ತಿದ್ದಳೆಂದರೆ ಇರುವೆ ಹತ್ತಿದರೂ ಜಾರಿ ಬೀಳಬೇಕು. ಮಡಕೆ ಸೊಟ್ಟಗಾದರೆ, ಬೆರಳಿನ ಗುರುತು ಉಳಿದರೆ, ಅದನ್ನು ಆವಿಗೆಯ ಹಿಂದಿನ ಗುಂಡಿಗೆ ಎಸೆಯುತ್ತಿದ್ದಳು. ಆವಿಗೆ ಅಂದರೆ ಮಡಕೆ ಸುಡುವ ದೊಡ್ಡ ಒಲೆ. ಅಲ್ಲಿಂದಲೇ ಬೂದಿ ತೋಡಿ ಗುಂಡಿಯ ಮೇಲೆ ಸುರಿದುಬಿಡುತ್ತಿದ್ದಳು. ಕೆಟ್ಟ ಮಡಕೆಯನ್ನು ದೇವೀರಮ್ಮ ಮಾಡುತ್ತಾಳೆ ಅನ್ನುವುದು ಊರಿಗೆ ತಿಳಿಯಬಾರದಲ್ಲ.

ಅವಳ ಮನೆಯ ಸೂರಿನಲ್ಲೇ ಗುಬ್ಬಿಗಳ ಗೂಡು. ಗೂಡಿನಲ್ಲಿ ಮೂರು ಮೊಟ್ಟೆ. ಮೊಟ್ಟೆಗೆ ಕಾವು ಬೇಕು ನಿಜ, ಆದರೆ ಬೇಯುವಷ್ಟು ಬೇಡ. ಸೂರ್ಯ ಅಷ್ಟು ಕೆಳಗಿದ್ದರೆ ಗೂಡು ಗೂಡಾಗಿ ಉಳಿಯುತ್ತದೆಯೇ? ಹೆಣ್ಣುಗುಬ್ಬಿ ದಿನವೂ ಹೊಳೆಗೆ ಹೋಗಿ ಮುಳುಗಿ, ಒದ್ದೆ ಹೊಟ್ಟೆಯಲ್ಲಿ ಮೊಟ್ಟೆಗಳನ್ನು ತಂಪು ಮಾಡಲು ಹಾರಿ ಬರುತ್ತಿತ್ತು. ಹೊಳೆ ದೂರ. ಬರುವಷ್ಟರಲ್ಲಿ ಮೈ ಒಣಗಿ ಗರಿಗರಿ.

ಗಂಡುಗುಬ್ಬಿ ಹೊಳೆಯ ಹತ್ತಿರ ಹೋಗಿ ಕೇಳಿತು. "ಹೊಳೆಯವ್ವ, ನಮ್ಮನೆ ತಂಕ ಒಂದ್ಸಲ ಬಂದು ಹೋಯ್ತೀಯಾ?"

"ನಾನು ಒಬ್ಳೇ ಬರಾಕಿಲ್ಲ ಕಣಪ್ಪ," ಅಂದಿತು ಹೊಳೆ. "ಮರ, ಮಣ್ಣು, ಮೀನು ಎಲ್ಲಾನೂ ಕಟ್ಕೊಂಡು ಬತ್ತೀನಿ. ಆಮ್ಯಾಕೆ ನಿನ್ನ ಗೂಡೂ ಇರಾಕಿಲ್ಲ."

ಗಂಡುಗುಬ್ಬಿ ಗಾಳಿಯ ಹತ್ತಿರ ಹೋಗಿ ಕೇಳಿತು. "ಗಾಳಿಯಪ್ಪ, ದಾರೀಲಿ ನನ್ನ ಹೆಂಡ್ರ ಮೈ ಆರುಸ್ಬ್ಯಾಡ."

"ಆರ್ಸೋದೇ ನನ್ನ ಕೆಲ್ಸ," ಅಂದಿತು ಗಾಳಿ. "ನಿನ್ನ ಹೆಂಡ್ರು ಯಾರು, ಊರೋರ ಬಟ್ಟೆ ಯಾವ್ದು ಅಂತ ನೋಡ್ಕಂಡು ಬೀಸಾಕಾಯ್ತದಾ?"

ಕೊನೆಗೆ ಗಂಡುಗುಬ್ಬಿ ದೇವೀರಮ್ಮನ ಮುಂದೆ ಬಂದು ಕುಳಿತಿತು. "ಅವ್ವ, ನಿನ್ನ ಮಡಕೇಲಿ ನೀರು ನಿಲ್ತದೆ. ನಮಗೂ ಮೀಯಾಕೆ ಒಂದು ಮಾಡ್ಕೊಡು. ಮೊಟ್ಟೆ ಬೇಯ್ತಾ ಅವೆ."

ದೇವೀರಮ್ಮ ಸೂರಿನ ಗೂಡಿನ ಕಡೆ ನೋಡಿದಳು. "ಮಾಡ್ಕೊಡ್ತೀನಿ ಕಣೋ ಗುಬ್ಬಣ್ಣ. ಅಂತಿಂತದ್ದಲ್ಲ, ನೋಡ್ದೋರು ಬಾಯಿ ಬಿಡ್ಬೇಕು, ಅಂತಾದ್ದು."

ಮೊದಲ ದಿನ ಅವಳು ಮಣ್ಣು ತುಳಿದು, ತಿಗರಿಯ ಗಾಲಿ ತಿರುಗಿಸಿ ಅದರ ಮೇಲೆ ಬೋಗುಣಿ ಎತ್ತಿದಳು. ಗುಬ್ಬಿ ಬಂದು, "ಆಯ್ತಾ ಅವ್ವ?" ಅಂತು. "ಒಣಗ್ಬೇಕಪ್ಪ," ಅಂದಳು.

ಎರಡನೇ ದಿನ ನೆರಳಿನಲ್ಲಿ ಒಣಗಿಸಿದಳು. "ಆಯ್ತಾ ಅವ್ವ?" "ತಿಕ್ಬೇಕಪ್ಪ."

ಮೂರನೇ ದಿನ ಬೆಳಗಿನಿಂದ ಬೈಗಿನವರೆಗೆ ಬೆಣಚುಕಲ್ಲಿನಿಂದ ತಿಕ್ಕಿದಳು. "ಆಯ್ತಾ ಅವ್ವ?" "ಸುಡ್ಬೇಕಪ್ಪ."

ಸುಟ್ಟು ತೆಗೆಯುವಷ್ಟರಲ್ಲಿ ನಾಲ್ಕು ದಿನ ಕಳೆದು ಐದನೆಯ ಬೆಳಗಾಗಿತ್ತು. ಬೋಗುಣಿ ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಂದು ಗೇಣು ಆಳ, ಒಳಗೆಲ್ಲ ನುಣ್ಣಗೆ. ದೇವೀರಮ್ಮ ಅದನ್ನು ಅಂಗಳದಲ್ಲಿಟ್ಟು ಕಂಠದವರೆಗೆ ನೀರು ತುಂಬಿ, ಸ್ವಲ್ಪ ದೂರ ನಿಂತು ನೋಡಿದಳು.

ಹೆಣ್ಣುಗುಬ್ಬಿ ಅಂಚಿನ ಮೇಲೆ ಕುಳಿತಿತು. ಕುಳಿತಿದ್ದೇ ತಡ, ಒಳಗೆ ಜಾರಿತು. ಪಟಪಟ ರೆಕ್ಕೆ ಬಡಿಯಿತು. ನೀರು ಅಂಗಳಕ್ಕೆಲ್ಲ ಚಿಮ್ಮಿತು.

"ನೋಡು, ನೋಡು," ಅಂದಳು ದೇವೀರಮ್ಮ. "ಎಷ್ಟು ಖುಷಿಯಾಗಿ ಮೀಯ್ತಾ ಅವ್ಳೆ."

"ಅದು ಖುಷಿಯಲ್ಲ ಅವ್ವ," ಅಂತ ಗಂಡುಗುಬ್ಬಿ ಕೂಗಿತು. "ಕಾಲು ಎಟುಕ್ತಿಲ್ಲ ಅವ್ಳಿಗೆ. ಮುಳುಗ್ತಾ ಅವ್ಳೆ."

ದೇವೀರಮ್ಮ ಓಡಿಹೋಗಿ ಕೈ ಹಾಕಿ ಎತ್ತಿದಳು. ಗುಬ್ಬಿಯ ಉಗುರಿಗೆ ಹಿಡಿದುಕೊಳ್ಳಲು ಆ ಬೋಗುಣಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಇರದ ಹಾಗೆ ತಿಕ್ಕಿದವಳು ಅವಳೇ. ಅಂಗೈಯಲ್ಲಿ ಹೆಣ್ಣುಗುಬ್ಬಿ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿತ್ತು. ದೇವೀರಮ್ಮ ಅದನ್ನು ಸೆರಗಿನಲ್ಲಿ ಒರೆಸಿದಳು.

"ಇನ್ನೊಂದು ಮಾಡ್ತೀನಿ," ಅಂದಳು. "ಇನ್ನೂ ಚೆಂದಾಗಿ ಮಾಡ್ತೀನಿ. ನಾಕೇ ದಿನ ತಡಕೋ."

"ನಾಕು ದಿನ ಮೊಟ್ಟೆ ತಡಿಯಾಕಿಲ್ಲ ಅವ್ವ. ಇವತ್ತಿನ ಮಧ್ಯಾಹ್ನ ದಾಟಿದ್ರೇ ಹೆಚ್ಚು."

ಅಷ್ಟು ಹೇಳಿ ಗಂಡುಗುಬ್ಬಿ ಆವಿಗೆಯ ಹಿಂದಕ್ಕೆ ಹಾರಿತು. ಸೂರಿನಲ್ಲಿ ಕುಳಿತವನಿಗೆ ಕಾಣದ್ದು ಏನಿದೆ? ದೇವೀರಮ್ಮ ಗುಂಡಿಗೆ ಎಸೆಯುವುದನ್ನೆಲ್ಲ ಅದು ಮೊದಲಿನಿಂದ ನೋಡಿತ್ತು. ಬೂದಿಯಲ್ಲಿ ಕೊಕ್ಕು ತೂರಿಸಿ, ಕಾಲಿನಲ್ಲಿ ಕೆದಕಿ, ಒಂದು ಮುಚ್ಚಳವನ್ನು ಹುಡುಕಿತು. ಸೊಟ್ಟ ಮುಚ್ಚಳ. ಅಗಲವಾಗಿ, ತಟ್ಟೆಯಂತೆ ಚಪ್ಪಟೆಯಾಗಿತ್ತು. ಮೈಯೆಲ್ಲ ಒರಟು, ಹಿಂದೆ ಒಂದು ಪುಟ್ಟ ಹಿಡಿ.

ಗುಬ್ಬಿಯ ತೂಕ ಎಷ್ಟು? ಒಂದು ಹಿಡಿ ಹುರುಳಿಯಷ್ಟೂ ಇಲ್ಲ. ಆದರೂ ಅದು ಮುಚ್ಚಳಕ್ಕೆ ಕೊರಳು ಕೊಟ್ಟು ಅಂಗಳದ ಕಡೆಗೆ ನೂಕಿತು. ಮುಚ್ಚಳ ಒಂದು ಬೆರಳಿನಷ್ಟು ಸರಿಯಿತು. ಮತ್ತೆ ನೂಕಿತು. ಇನ್ನೊಂದು ಬೆರಳು. ಬೆಳಿಗ್ಗೆ ತಾನೆ ಸುರಿದ ಬೂದಿ, ಅಡಿಯಲ್ಲಿ ಇನ್ನೂ ಕೆಂಡವಿತ್ತು. ಮುಚ್ಚಳದ ಮಸಿಯೆಲ್ಲ ಬಿಸಿಬಿಸಿಯಾಗಿ ಅದರ ಗಂಟಲಿಗೆ, ಎದೆಗೆ ಮೆತ್ತಿಕೊಂಡಿತು. ಗುಬ್ಬಿ ನೂಕುವುದನ್ನು ಬಿಡಲಿಲ್ಲ.

ದೇವೀರಮ್ಮ ಬಂದು ನೋಡಿದಳು. ಅವಳ ಮುಖ ಸಣ್ಣಗಾಯಿತು. "ಅದ್ನ ಮುಟ್ಬ್ಯಾಡ. ನಾನು ಕಲಿಯೋವಾಗ ಮಾಡಿದ್ದು ಅದು, ಮೊದಲ್ನೇದು. ಐದೂ ಬೆರಳಿನ ಗುರುತು ಹಂಗೇ ಅವೆ. ಅಂಗಳದಲ್ಲಿಟ್ರೆ ಊರೋರು ನಗ್ತಾರೆ."

"ನಗ್ಲಿ ಅವ್ವ," ಅಂದಿತು ಗಂಡುಗುಬ್ಬಿ. "ನನ್ನ ಹೆಂಡ್ರು ಇದ್ರಲ್ಲಿ ಜಾರಾಕಿಲ್ಲ."

ದೇವೀರಮ್ಮ ಅದರ ಕಡೆ ನೋಡಿದಳು. ಗುಬ್ಬಿಯ ಕೊರಳಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಆಮೇಲೆ ಅವಳು ಬಗ್ಗಿ, ಸೆರಗು ಸುತ್ತಿ ಮುಚ್ಚಳವನ್ನು ಎತ್ತಿಕೊಂಡಳು.

ನೆಲದ ಮೇಲಿಟ್ಟರೆ ಬೆಕ್ಕನ್ನು ಊಟಕ್ಕೆ ಕರೆದ ಹಾಗೆ. ಅದಕ್ಕೇ ಅಂಗಳದ ನಡುವೆ ಒಂದು ದೊಡ್ಡ ಮಡಕೆಯನ್ನು ಕವುಚಿ ಹಾಕಿದಳು. ಅದರ ಮೇಲೆ, ತಾನು ನೀರು ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ಇಟ್ಟಳು. ಸಿಂಬಿಯ ತೂತಿನೊಳಗೆ ಹಿಡಿ ಕೂರುವಂತೆ ಮುಚ್ಚಳವನ್ನು ಅಂಗಾತ ಇಟ್ಟಳು. ಅಲುಗಾಡಿಸಿ ನೋಡಿದಳು, ಅಲುಗಲಿಲ್ಲ. ಚೊಂಬಿನಿಂದ ನೀರು ಹೊಯ್ದಳು, ಎರಡು ಬೆರಳಿನಷ್ಟೇ. ಕೊನೆಗೆ ಸೊಂಟದಲ್ಲಿದ್ದ ಬೆಣಚುಕಲ್ಲು ತೆಗೆದು, ಕಾಲೂರಲು ಇರಲಿ ಅಂತ ನೀರಿನ ನಡುವೆ ಇಟ್ಟಳು.

ಹೆಣ್ಣುಗುಬ್ಬಿ ಹತ್ತಿರ ಬರಲು ಹೆದರಿತು. ಆಗ ಗಂಡುಗುಬ್ಬಿ ಮೊದಲು ಅಂಚಿನ ಮೇಲೆ ಕುಳಿತಿತು. ಕೊಕ್ಕು ಅದ್ದಿ ಆಳ ನೋಡಿತು. ತಲೆ ಎತ್ತಿ ಬೆಕ್ಕು ಎಲ್ಲಿದೆ ನೋಡಿತು. ಮತ್ತೆ ಅದ್ದಿ ನೋಡಿತು. ಬೆರಳಿನ ಗುರುತುಗಳಲ್ಲಿ ಉಗುರು ಊರಿಕೊಂಡು ಒಂದೊಂದೇ ಹೆಜ್ಜೆ ಇಳಿದು, ನೀರಿನಲ್ಲಿ ನಿಂತು, "ಬಾ," ಅಂದಿತು.

ಹೆಣ್ಣುಗುಬ್ಬಿ ಬಂತು. ಮಿಂದಿತು. ನೀರು ತೊಟ್ಟಿಕ್ಕುವ ಹೊಟ್ಟೆಯಲ್ಲೇ ಸೂರಿಗೆ ಹಾರಿ ಮೊಟ್ಟೆಗಳ ಮೇಲೆ ಕುಳಿತಿತು. ಗಾಳಿ ಬೀಸಿ ಬರುವಷ್ಟರಲ್ಲಿ ಗೂಡು ಸೇರಿ ಆಗಿತ್ತು.

ಊರಿನವರು ಬಂದು ನೋಡಿ ನಕ್ಕರು, ಅದೂ ಆಯಿತು. ನಕ್ಕು ಮುಗಿದ ಮೇಲೆ, "ನಮ್ಮನೆ ಗುಬ್ಬಿಗೂ ಒಂದು ಸೊಟ್ಟ ಮುಚ್ಚಳ ಇದ್ರೆ ಕೊಡು," ಅಂತ ಕೇಳಿ ತೆಗೆದುಕೊಂಡು ಹೋದರು.

ಅದಾದ ಆರು ದಿನಕ್ಕೆ ಮರಿಯಾಯಿತು. ಮೂರು ಮೊಟ್ಟೆಯಲ್ಲಿ ಎರಡು ಒಡೆದವು, ಒಂದು ಒಡೆಯಲಿಲ್ಲ. ಒಡೆಯದ ಮೊಟ್ಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ದೇವೀರಮ್ಮ ಗೂಡಿನ ಕೆಳಗೆ ಕುಳಿತಳು. "ಮುಚ್ಚಳ ಮೊದಲ್ನೇ ದಿನವೇ ಇತ್ತು," ಅಂದಳು. "ನಾನೇ ಬೂದಿ ಮುಚ್ಚಿದ್ದೆ." ಅಂದು ಅತ್ತಳು. ಆಮೇಲೆಂದೂ ಅವಳು ಗುಂಡಿಗೆ ಬೂದಿ ಸುರಿಯಲಿಲ್ಲ.

ಅತ್ತು ಕಣ್ಣು ಒರೆಸಿದ ಸೆರಗಿನಲ್ಲೇ ಅವಳು ಗಂಡುಗುಬ್ಬಿಯ ಕೊರಳನ್ನು ಒರೆಸಲು ನೋಡಿದಳು. ಮಸಿ ಹೋಗಲಿಲ್ಲ. ಬೆಂಕಿಯಲ್ಲಿ ಹಿಡಿದ ಬಣ್ಣ ನೀರಿಗೆ ಬಿಡುವುದಿಲ್ಲ, ಮಡಕೆ ಮಾಡುವವಳಿಗೆ ಅದು ಗೊತ್ತಿಲ್ಲವೇ? ಆದರೂ ಒರೆಸಿದಳು.

"ಇರ್ಲಿ ಬಿಡವ್ವ," ಅಂದಿತು ಗಂಡುಗುಬ್ಬಿ. "ಮಕ್ಳಿಗೆ ಅಪ್ಪ ಯಾರು ಅಂತ ಗೊತ್ತಾಯ್ತದೆ."

ಆ ಮಸಿ ಅದರ ಗಂಡುಮಕ್ಕಳಿಗೂ ಬಂತು, ಅವರ ಗಂಡುಮಕ್ಕಳಿಗೂ ಬಂತು. ಬೇಸಿಗೆಯಲ್ಲಿ ನೀವೂ ಒಂದು ಹಳೆಯ ಮುಚ್ಚಳದಲ್ಲಿ ಎರಡು ಬೆರಳು ನೀರು ಹೊಯ್ದು, ನಡುವೆ ಒಂದು ಕಲ್ಲಿಟ್ಟು, ದೂರ ಕುಳಿತು ನೋಡಿ: ಕೊರಳಲ್ಲಿ ಮಸಿ ಇರುವ ಗುಬ್ಬಿ ಮೊದಲು ಬಂದು ಅಂಚಿನ ಮೇಲೆ ಕೂರುತ್ತದೆ, ಕೊಕ್ಕು ಅದ್ದಿ ಆಳ ನೋಡುತ್ತದೆ, ಆಮೇಲೆ ತನ್ನ ಹೆಂಡತಿಯನ್ನು ಕರೆಯುತ್ತದೆ.