ಚಕ್ರದ ಮೇಲಿನ ಕೀ

“ಬುದ್ಧಿ, ಎಲ್ಲರನ್ನೂ ನಂಬಿ ಬದುಕು ಎನ್ನುವವರೂ ನೀವೇ. ಮಠದ ಜೀಪಿಗೆ ಬೀಗ ಹಾಕಲಿಲ್ಲವೆಂದು ನನ್ನನ್ನು ಗದರುವವರೂ ನೀವೇ. ಇದು ಹೇಗೆ?” ಎಂದು ಶಿಷ್ಯ ಮರುಳಪ್ಪ ಕೇಳಿದ.

“ಬೈಸಿಕೊಂಡ ಮೇಲೆ ನಿನಗೆ ವೇದಾಂತ ನೆನಪಾಗುತ್ತದೆ, ಅಲ್ಲವೇ?” ಎಂದು ಗುರುಗಳು ನಕ್ಕರು. “ಕುಳಿತುಕೋ, ಒಂದು ಕತೆ ಹೇಳುತ್ತೇನೆ.”

ಒಂದು ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಬಲು ಒಳ್ಳೆಯವನು, ತುಸು ಉದಾಸೀನದವನು. ಅವನೊಂದು ಕಾರು ಕೊಂಡ. ಕಾರು ನಿಂತರೆ ಆ ಬೀದಿಯಲ್ಲಿ ಬೇರೆ ಗಾಡಿಗೆ ದಾರಿಯಿಲ್ಲ. ಅದಕ್ಕೇ ಅಲ್ಲಿಯವರದೊಂದು ಪದ್ಧತಿ. ಕಾರಿನವರು ಕೀಯನ್ನು ಮುಂದಿನ ಚಕ್ರದ ಮೇಲಿಟ್ಟು ಹೋಗುವರು. ದಾರಿ ಬೇಕಾದವರು ಕಾರು ಸರಿಸಿ, ಕೀಯನ್ನು ಮತ್ತೆ ಅಲ್ಲೇ ಇಡುವರು. ಎದುರಿನ ದರ್ಜಿಯ ಅಂಗಡಿಗೆ ಬಟ್ಟೆ ತರುವ ಆಟೋಗಳು ಬರುತ್ತಿದ್ದವು. ಹೀಗಾಗಿ ವ್ಯಾಪಾರಿಯ ಕಾರನ್ನು ಹೆಚ್ಚಾಗಿ ಸರಿಸುತ್ತಿದ್ದವನು ದರ್ಜಿಯೇ. ಇಬ್ಬರೂ ಅಣ್ಣತಮ್ಮಂದಿರಂತೆ ಇದ್ದರು.

“ಕೀ ಒಳಗೆ ತನ್ನಿ ಅಂದ್ರೆ ಕೇಳೋದಿಲ್ವಲ್ಲ” ಎಂದು ಹೆಂಡತಿ ಗೊಣಗುವಳು. “ನಮ್ಮ ಬೀದೀಲಿ ಕಳ್ಳರು ಯಾರೇ ಇದ್ದಾರೆ?” ಎಂದು ವ್ಯಾಪಾರಿ ಅವಳ ಬಾಯಿ ಮುಚ್ಚಿಸುವನು. ಬೀದಿಯಲ್ಲಿ ಇರಲಿಲ್ಲ, ನಿಜ. ಬೀದಿಗೆ ಬಂದುಹೋಗುವವರಿಗೆ ಕಣ್ಣಿಲ್ಲವೇ?

ಒಂದು ಬೆಳಿಗ್ಗೆ ನೋಡಿದರೆ ಕಾರೇ ಇಲ್ಲ. ವ್ಯಾಪಾರಿ ಠಾಣೆಗೆ ಓಡಿದ. “ಕೀ ಎಲ್ಲಿರುತ್ತದೆಂದು ಯಾರಿಗೆ ಗೊತ್ತಿತ್ತು?” ಎಂದು ಪೊಲೀಸರು ಕೇಳಿದರು. ಬೀದಿಗೆಲ್ಲ ಗೊತ್ತು ಎಂದ. ಹೆಚ್ಚಾಗಿ ಕಾರು ಮುಟ್ಟುತ್ತಿದ್ದವರು ಯಾರು ಎಂದರು. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರವಾಗಿ ದರ್ಜಿಯ ಹೆಸರು ಹೇಳಿದ.

ದರ್ಜಿಯನ್ನು ಹೊಲಿಗೆ ಯಂತ್ರದ ಮುಂದಿನಿಂದಲೇ ಎಬ್ಬಿಸಿ ಕರೆದೊಯ್ದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಸಂಜೆಯವರೆಗೂ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ನಿಂತಿದ್ದಳು. ವ್ಯಾಪಾರಿ ಅಂಗಡಿಯಲ್ಲಿ ಕೂತು ಎದುರಿನ ಖಾಲಿ ಹೊಲಿಗೆ ಯಂತ್ರವನ್ನೇ ನೋಡುವನು. ‘ಅವನು ಅಂಥವನಲ್ಲ’ ಎನ್ನುವನು. ‘ಒಂದು ವೇಳೆ ಆಗಿದ್ದರೆ?’ ಎಂದೂ ಅಂದುಕೊಳ್ಳುವನು. ಛೆ, ಎಂಥ ಸಂಕಟ!

ವಾರದೊಳಗೆ ಕಾರು ಪಕ್ಕದ ಊರಿನಲ್ಲಿ ಸಿಕ್ಕಿತು. ಕದ್ದವನು ಹೊರಗಿನವನು. ಬೀದಿಯ ತುದಿಯಲ್ಲಿ ಚಹಾ ಕುಡಿಯುತ್ತ, ಚಕ್ರದ ಮೇಲೆ ಕೈಯಾಡಿಸುವವರನ್ನು ನೋಡಿಕೊಂಡಿದ್ದನಂತೆ.

ವ್ಯಾಪಾರಿ ದರ್ಜಿಯ ಬಳಿಗೆ ಓಡಿದ. “ತಪ್ಪಾಯ್ತು ಕಣೋ, ಹೊಟ್ಟೆಗೆ ಹಾಕ್ಕೋ” ಎಂದು ಕೈಹಿಡಿದು ಅತ್ತುಬಿಟ್ಟ. “ಹೋಗಲಿ ಬಿಡಿ ಅಣ್ಣ, ಕಾರು ಸಿಕ್ತಲ್ಲ” ಎಂದ ದರ್ಜಿ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲ ಸರಿಹೋಯಿತೆಂದು ವ್ಯಾಪಾರಿಗೆ ಸಮಾಧಾನವಾಯಿತು.

ಮರುದಿನ ಬಟ್ಟೆ ಹೊತ್ತ ಆಟೋ ಬಂತು. ಕಾರು ಅಡ್ಡ ನಿಂತಿತ್ತು. ವ್ಯಾಪಾರಿ ತಾನಾಗಿಯೇ ಹೋಗಿ, ಸರಿಸಪ್ಪ ಎಂದು ಕೀ ಚಾಚಿದ. ದರ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬೇಡಣ್ಣ, ನೀವೇ ತೆಗೀರಿ” ಎಂದ.

ಗುರುಗಳು ಕತೆ ನಿಲ್ಲಿಸಿದರು. “ಹಾಗಾದರೆ ಆ ವ್ಯಾಪಾರಿ ನಂಬಿದ್ದೇ ತಪ್ಪೇ, ಬುದ್ಧಿ?” ಎಂದು ಮರುಳಪ್ಪ ಮೆಲ್ಲಗೆ ಕೇಳಿದ.

“ನಂಬು ಮಗನೇ, ನಂಬಿದವರ ಹೆಸರು ನಾಳೆ ಠಾಣೆಯಲ್ಲಿ ನಿನ್ನ ಬಾಯಿಂದ ಬಾರದಿರಲಿ ಎಂದೇ ಜೀಪಿಗೆ ಬೀಗ ಹಾಕು ಎಂದೆ.”